ಪಂಕ್ತಿಯಲ್ಲಿ ಎಲ್ಲರೂ ತಿನ್ನಬಹುದಾದ ಬೇಸಿಗೆಯ ಕೋಸಂಬರಿ

ಬೇಸಿಗೆಯಲ್ಲಿ ಹಸಿ ತರಕಾರಿ, ಹಣ್ಣು ಹೆಚ್ಚಾಗಿ ತಿನ್ನಬೇಕು ಎಂದು ವೈದ್ಯರು ಹೇಳುತ್ತಾರೆ, ಮನೆಯ ಹಿರಿಯರೂ ಹೇಳುತ್ತಾರೆ. ಆದರೆ ಇಂದು ಮದುವೆ, ಗೃಹಪ್ರವೇಶಗಳ ಊಟದಲ್ಲಿ ಸಲಾಡ್ ಎಂದು ಇಡುವ ತಟ್ಟೆಯಲ್ಲಿ ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಈರುಳ್ಳಿ ಇವೇ ಮುಕ್ಕಾಲು ಪಾಲು. ಜೈನ ಮನೆಯವರು ಅದರ ಅಂಚಿನಲ್ಲಿರುವ ನಾಲ್ಕು ಸೌತೆಕಾಯಿ ಬಿಲ್ಲೆ ಹಾಕಿಕೊಂಡು ಮುಂದೆ ಹೋಗುತ್ತಾರೆ. ಎಲೆಯ ಮೇಲೆ ಬಡಿಸುವ ಕೋಸಂಬರಿಗೂ ಈಗ ಬಣ್ಣಕ್ಕೆಂದು ಕ್ಯಾರೆಟ್ ತುರಿ ಬೀಳುತ್ತಿದೆ. ಹೀಗೆ ಬಿಸಿಲಿಗೆ ಹೆಚ್ಚು ಹಿತವಾದ ಪದಾರ್ಥವೇ ಎಲೆಯ ಮೂಲೆಯಲ್ಲಿ ಉಳಿಯುತ್ತದೆ. ಮನೆಯ ಮಕ್ಕಳಂತೂ ಸಲಾಡ್ ಎಂದರೆ ಕ್ಯಾರೆಟ್, ಈರುಳ್ಳಿ ಎಂದೇ ತಿಳಿದು ಬೆಳೆಯುತ್ತಿದ್ದಾರೆ.

ಕೋಸಂಬರಿ ಮೂಲದಲ್ಲಿ ಕಂದಮೂಲ ಬೇಡದ ಪದಾರ್ಥ. ನೆನೆಸಿದ ಬೇಳೆ, ಸೌತೆಕಾಯಿ, ತೆಂಗಿನ ತುರಿ, ನಿಂಬೆರಸ, ಉಪ್ಪು ಇಷ್ಟಿದ್ದರೆ ಸಾಕು. ಕನ್ನಡದಲ್ಲಿ ಅಡುಗೆಯ ಬಗ್ಗೆಯೇ ಪ್ರತ್ಯೇಕವಾಗಿ ‘ಸೂಪಶಾಸ್ತ್ರ’ ಎಂಬ ಕೃತಿ ಬರೆದವನು 16ನೆಯ ಶತಮಾನದ ಆರಂಭದ ಜೈನ ಕವಿ ಮೂರನೆಯ ಮಂಗರಸ. ಶುದ್ಧ ಸಸ್ಯಾಹಾರದ ಅಡುಗೆಯನ್ನು ರುಚಿಯಾಗಿ ಮಾಡುವ ವಿದ್ಯೆ ಜೈನರಿಗೆ ಹೊಸದಲ್ಲ ಎನ್ನುವುದಕ್ಕೆ ಆ ಒಂದು ಪುಸ್ತಕವೇ ಸಾಕು.

ಮನೆಯ ನಾಲ್ಕು ಜನರಿಗೆ ಸಲಾಡ್ ಮಾಡುವುದು ಸುಲಭ. ಬಸದಿಯಲ್ಲಿ ನೂರು ಜನರಿಗೆ ಹಂಚುವಾಗ ಮಾತು ಬೇರೆ. ಅಲ್ಲಿ ವ್ರತದಲ್ಲಿರುವವರು, ವಯಸ್ಸಾದವರು, ಮಕ್ಕಳು, ಬೇರೆ ಊರಿನಿಂದ ಬಂದವರು ಎಲ್ಲರೂ ಇರುತ್ತಾರೆ. ಒಬ್ಬರೂ ಕೈ ಬಿಡದಂತೆ, ಒಬ್ಬರ ಹೊಟ್ಟೆಯೂ ಕೆಡದಂತೆ ಮಾಡಬೇಕಾದರೆ ನಾಲ್ಕು ವಿಷಯ ನೋಡಬೇಕು: ಏನು ಹಾಕುವುದು, ಯಾವ ನೀರು, ಯಾವುದರ ಜೊತೆ ಯಾವುದು, ಎಷ್ಟು ಹೊತ್ತು.

ಏನು ಹಾಕಬಹುದು

ಗೆಡ್ಡೆ ಗೆಣಸುಗಳನ್ನು ಬಿಡುವುದಕ್ಕೆ ಕಾರಣ ಎಲ್ಲರಿಗೂ ಗೊತ್ತಿರುವುದೇ. ಅವು ಅನಂತಕಾಯ, ಒಂದೇ ಶರೀರದಲ್ಲಿ ಅನಂತ ಜೀವಗಳಿರುತ್ತವೆ ಎಂದು ಶಾಸ್ತ್ರ ಹೇಳುತ್ತದೆ. ಜೊತೆಗೆ ಗೆಡ್ಡೆ ಕಿತ್ತರೆ ಇಡೀ ಗಿಡವೇ ಹೋಗುತ್ತದೆ, ಮಣ್ಣಿನ ಜೀವಿಗಳಿಗೂ ಹಿಂಸೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಹಸಿ ಶುಂಠಿ, ಹಸಿ ಅರಿಸಿನ ಎಲ್ಲವೂ ಈ ಸಾಲಿಗೆ ಸೇರುತ್ತವೆ. ಒಣಗಿದ ಶುಂಠಿ, ಒಣಗಿದ ಅರಿಸಿನಕ್ಕೆ ಹೆಚ್ಚಿನ ಮನೆಗಳಲ್ಲಿ ತಡೆಯಿಲ್ಲ. ಕಡಲೆಕಾಯಿ ನೆಲದಡಿ ಬೆಳೆದರೂ ಗೆಡ್ಡೆಯಲ್ಲ. ಹೂವಿನ ತೊಟ್ಟು ಮಣ್ಣಿಗಿಳಿದು ಕಟ್ಟುವ ಕಾಯಿ ಅದು.

ಸಲಾಡಿನಲ್ಲಿ ಹೆಚ್ಚು ಗೊಂದಲವಾಗುವುದು ಮೊಳಕೆ ಕಾಳಿನ ವಿಷಯದಲ್ಲಿ. ಮೊಳಕೆ ಕಾಳು ಪೌಷ್ಟಿಕ ಎಂದು ಎಲ್ಲ ಕಡೆ ಪ್ರಚಾರವಿದೆ. ಆದರೆ ಮೊಳಕೆಯೊಡೆಯುವ ಹಂತದ ಕಾಳು ಅನಂತಕಾಯವೆಂದು ಎಣಿಕೆ, ಅದಕ್ಕೇ ಅದನ್ನು ಬಿಡುತ್ತಾರೆ. ಇಡೀ ಹೆಸರುಕಾಳನ್ನು ರಾತ್ರಿ ನೆನೆಹಾಕಿದರೆ ಬೆಳಿಗ್ಗೆಗೆ ಮೂತಿ ಬಿಟ್ಟಿರುತ್ತದೆ. ಸಿಪ್ಪೆ ತೆಗೆದು ಒಡೆದ ಹೆಸರುಬೇಳೆ ಮೊಳಕೆಯೊಡೆಯುವುದಿಲ್ಲ. ಆದ್ದರಿಂದ ಜೈನ ಮನೆಯ ಸಲಾಡಿಗೆ ಕಾಳಿಗಿಂತ ಬೇಳೆಯೇ ಸರಿ. ಪೌಷ್ಟಿಕತೆಯಲ್ಲಿ ನಷ್ಟವೇನಿಲ್ಲ. ಒಣ ಹೆಸರುಬೇಳೆಯ 100 ಗ್ರಾಮಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಇತ್ತೀಚೆಗೆ ಹೋಟೆಲುಗಳಲ್ಲಿ ಸಲಾಡಿನ ಮೇಲೆ ಉದುರಿಸುವ ಎಳೆ ಮೊಳಕೆ ಸೊಪ್ಪಿಗೂ ಇದೇ ಮಾತು.

ಎಲೆಕೋಸು, ಹೂಕೋಸುಗಳ ಪದರದೊಳಗೆ ಹುಳು ಅಡಗಿದ್ದರೆ ಕಾಣುವುದಿಲ್ಲ, ಹಸಿಯಾಗಿ ಬಳಸದಿರುವುದೇ ಲೇಸು. ಅಣಬೆ ಬೇಡ. ಹಣ್ಣಿನ ಸಲಾಡಿಗೆ ಅಂಜೂರ ಬೇಡ, ಹಸಿಯದೂ ಬೇಡ, ಒಣಗಿದ್ದೂ ಬೇಡ. ಶ್ರಾವಕರು ಬಿಡಬೇಕಾದ ಐದು ಉದುಂಬರ ಫಲಗಳ ಜಾತಿಗೆ ಅದು ಸೇರಿದ್ದು. ಜೇನುತುಪ್ಪವಂತೂ ಬೇಡವೇ ಬೇಡ.

ಇಷ್ಟು ಬಿಟ್ಟರೆ ಉಳಿಯುವುದೇನು ಎಂದು ಕೇಳುವವರು ಮಾರ್ಚ್‌ನಿಂದ ಮೇವರೆಗೆ ಹಾಸನ ಜಿಲ್ಲೆಯ ಸಂತೆಯನ್ನು ಒಮ್ಮೆ ನೋಡಬೇಕು. ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಾಫಿ ಸೀಮೆ. ಅಲ್ಲಿ ತೋಟದ ನೆರಳಿನ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ, ಬಾಳೆ, ಹಲಸು, ಸೀಮೆಬದನೆ ಇರುತ್ತವೆ. ಬೇಲೂರು ದಾಟಿ 16 ಕಿಲೋಮೀಟರ್ ದೂರದ ಹಳೇಬೀಡಿಗೆ ಬರುವಷ್ಟರಲ್ಲಿ ಮಲೆನಾಡು ಹಿಂದೆ ಸರಿದು ಬಯಲು ತೆರೆದುಕೊಳ್ಳುತ್ತದೆ. ಅರಸೀಕೆರೆ ಕಡೆಗೆ ಹೋದರೆ ಎಲ್ಲಿ ನೋಡಿದರೂ ತೆಂಗು. ಅರಸೀಕೆರೆಯ ತೆಂಗಿನಕಾಯಿ, ಅರೇಹಳ್ಳಿಯ ಮೆಣಸು, ನಡುವಿನ ಊರುಗಳ ಸೌತೆಕಾಯಿ ಮತ್ತು ನಿಂಬೆ, ಒಂದು ಕೋಸಂಬರಿಗೆ ಬೇಕಾದದ್ದು ಈ ಎರಡು ತಾಲ್ಲೂಕಿನೊಳಗೇ ಸಿಗುತ್ತದೆ. ಇದರ ಮೇಲೆ ಮಾವಿನಕಾಯಿ, ದಾಳಿಂಬೆ, ಟೊಮೆಟೊ, ದಪ್ಪ ಮೆಣಸಿನಕಾಯಿ, ಪರಂಗಿ, ಕಲ್ಲಂಗಡಿ, ಕರಬೂಜ ಇವೆ. ಕ್ಯಾರೆಟ್ಟಿನ ಬಣ್ಣ ಬೇಕೆಂದವರು ದಾಳಿಂಬೆ ಕಾಳು ಹಾಕಬಹುದು. ಮೂಲಂಗಿಯ ಕರುಕುರು ಬೇಕೆಂದವರು ಎಳೆ ಸೀಮೆಬದನೆಯನ್ನು ಸಿಪ್ಪೆ ತೆಗೆದು ತುರಿದು ಹಾಕಬಹುದು.

ಕೊಳ್ಳುವಾಗ ಮತ್ತು ಹೆಚ್ಚುವಾಗ

ಬೇಳೆಯನ್ನು ಹಿಂದಿನ ದಿನ ಹಗಲು ಬೆಳಕಿನಲ್ಲೇ ಮೊರಕ್ಕೆ ಹಾಕಿ ನೋಡಬೇಕು. ಬೇಸಿಗೆಯಲ್ಲಿ ಹುಳು ಬೇಗ ಬೀಳುತ್ತದೆ. ಕಾಳಿನಲ್ಲಿ ಸಣ್ಣ ತೂತು ಕಂಡರೆ, ಅಂಗೈಗೆ ಹಿಟ್ಟು ಅಂಟಿದರೆ ಆ ಬೇಳೆ ಬೇಡ. ಅತಿಯಾಗಿ ಹೊಳೆಯುವ ಬೇಳೆಗಿಂತ ಸ್ವಲ್ಪ ಮಂಕಾಗಿರುವುದು ವಾಸಿ.

ಸೌತೆಕಾಯಿ ಎಳೆಯದಾಗಿ, ಕೈಗೆ ಗಟ್ಟಿಯಾಗಿ ಸಿಗಬೇಕು. ಅದರಲ್ಲಿ 95 ಭಾಗ ನೀರೇ ಇರುವುದರಿಂದ ಬಿಸಿಲಿಗೆ ಹಿತ. ಆದರೆ ಒಂದು ಕಹಿ ಸೌತೆಕಾಯಿ ಇಡೀ ಪಾತ್ರೆಯನ್ನು ಕೆಡಿಸುತ್ತದೆ. ನೀರು ಸಾಲದ ಬಳ್ಳಿಯ ಕಾಯಿಯಲ್ಲಿ ಕಹಿ ಹೆಚ್ಚು. ಪ್ರತಿ ಕಾಯಿಯ ತುದಿಯ ಚೂರನ್ನೂ ರುಚಿ ನೋಡಿ, ಕಹಿಯಿದ್ದರೆ ಅದನ್ನು ಪೂರ್ತಿ ಬಿಡಬೇಕು. ತುಂಬ ಕಹಿಯಾದ ಸೌತೆ ಹೊಟ್ಟೆಗೂ ಒಳ್ಳೆಯದಲ್ಲ.

ಎಲ್ಲ ತರಕಾರಿಯನ್ನೂ ಹೆಚ್ಚುವ ಮೊದಲೇ ತೊಳೆಯಬೇಕು, ಹೆಚ್ಚಿದ ಮೇಲೆ ತೊಳೆದರೆ ಸತ್ವ ನೀರಿಗೆ ಹೋಗುತ್ತದೆ. ಮೊದಲು ಉದ್ದಕ್ಕೆ ಸೀಳಿ ಒಳಗೆ ನೋಡಿ ಶೋಧಿಸಿ, ಆಮೇಲೆ ಸಣ್ಣಗೆ ಹೆಚ್ಚಬೇಕು. ಕೊತ್ತಂಬರಿ ಸೊಪ್ಪನ್ನು ಒಂದೊಂದೇ ಕಡ್ಡಿ ಬಿಡಿಸಿ ಎಲೆಯ ಹಿಂಬದಿ ನೋಡಬೇಕು. ಈ ಕೆಲಸಕ್ಕೆ ವಿದ್ಯುತ್ ದೀಪಕ್ಕಿಂತ ಹಗಲು ಬೆಳಕು ಒಳ್ಳೆಯದು. ಬಾಡಿಗೆ ಪಾತ್ರೆ, ಈಳಿಗೆಮಣೆ ತಂದಿದ್ದರೆ ಮೊದಲು ಚೆನ್ನಾಗಿ ತೊಳೆಯಬೇಕು. ಹಿಂದಿನ ಊಟದಲ್ಲಿ ಈರುಳ್ಳಿ ಹೆಚ್ಚಿದ ಮಣೆಯಲ್ಲೇ ಸೌತೆಕಾಯಿ ಹೆಚ್ಚಿದರೆ ಎಲ್ಲ ಶ್ರಮವೂ ವ್ಯರ್ಥ.

ಯಾವ ನೀರು

ಹಸಿ ಪದಾರ್ಥದಲ್ಲಿ ನೀರಿನ ವಿಚಾರ ಅಡುಗೆಗಿಂತ ಮುಖ್ಯ, ಏಕೆಂದರೆ ಇಲ್ಲಿ ಒಲೆಯ ಶಾಖ ಇಲ್ಲ. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿದ ನೀರನ್ನೇ ತೊಳೆಯಲು, ನೆನೆಸಲು ಬಳಸಬೇಕು. ದಿಗಂಬರ ಪದ್ಧತಿಯಲ್ಲಿ ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಆಮೇಲೆ ಬೇಕಾದರೆ ಮತ್ತೆ ಸೋಸಬೇಕು. ಲವಂಗ ಮುಂತಾದವನ್ನು ಹಾಕಿ ಪ್ರಾಸುಕ ಮಾಡಿದ ನೀರಿಗೆ 6 ಗಂಟೆ, ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ.

ಹೆಸರುಬೇಳೆ ಅರ್ಧ ಗಂಟೆಯಲ್ಲಿ ನೆನೆಯುತ್ತದೆ. ಸೋಸಿದ ನೀರಿನ 48 ನಿಮಿಷದೊಳಗೇ ಆ ಕೆಲಸ ಮುಗಿಯುತ್ತದೆ. ಕಡಲೆಬೇಳೆಗೆ ಎರಡು ಗಂಟೆ ಬೇಕು, ಅದಕ್ಕೆ ಕುದಿಸಿ ಆರಿಸಿದ ನೀರನ್ನೇ ಬಳಸುವುದು ಸರಿ. ಬೇಳೆಯನ್ನು ರಾತ್ರಿಯೇ ನೆನೆಹಾಕುವ ಅಭ್ಯಾಸ ಬೇಸಿಗೆಯಲ್ಲಿ ಯಾವ ರೀತಿಯಿಂದಲೂ ಬೇಡ. ಬೆಳಗಾಗುವಷ್ಟರಲ್ಲಿ ನೀರು ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ.

ತಂಪಿಗೆಂದು ಮಂಜುಗಡ್ಡೆ ಹಾಕುವುದೂ ಬೇಡ. ಮಂಜುಗಡ್ಡೆ 22 ಅಭಕ್ಷ್ಯಗಳಲ್ಲಿ ಒಂದು. ಅದನ್ನು ಯಾವ ನೀರಿನಿಂದ ಮಾಡಿದ್ದಾರೆ ಎಂಬುದೂ ತಿಳಿಯುವುದಿಲ್ಲ. ಪಾತ್ರೆಯ ಸುತ್ತ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ನೆರಳಿನಲ್ಲಿ ಇಟ್ಟರೆ ಬೇಕಾದಷ್ಟು ತಂಪಾಗುತ್ತದೆ.

ಯಾವುದರ ಜೊತೆ ಯಾವುದು: ದ್ವಿದಳದ ವಿಚಾರ

ಎರಡು ಹೋಳಾಗುವ ಬೇಳೆಕಾಳುಗಳನ್ನು ಮೊಸರು, ಮಜ್ಜಿಗೆಯೊಂದಿಗೆ ಸೇರಿಸಿ ತಿನ್ನುವುದು ದ್ವಿದಳ ದೋಷ. ಹಾಗೆ ಸೇರಿದಾಗ ಸೂಕ್ಷ್ಮ ಜೀವೋತ್ಪತ್ತಿ ಆಗುತ್ತದೆಂಬುದು ಇದರ ಕಾರಣ. ಮೊಸರನ್ನು ಕಾಯಿಸಿದರೆ ದೋಷವಿಲ್ಲ ಎಂಬ ಪದ್ಧತಿ ಶ್ವೇತಾಂಬರರಲ್ಲಿದೆ. ದಿಗಂಬರ ಮನೆಗಳಲ್ಲಿ ಎರಡನ್ನೂ ಸೇರಿಸುವುದೇ ಇಲ್ಲ. ಹಂಚುವ ಪದಾರ್ಥಕ್ಕೆ ಕಟ್ಟುನಿಟ್ಟಿನ ಪದ್ಧತಿಯನ್ನೇ ಹಿಡಿದರೆ ಯಾರಿಗೂ ಸಂಕೋಚವಿರುವುದಿಲ್ಲ.

ಇದರಲ್ಲಿ ಮೂರು ಕಡೆ ಎಚ್ಚರ ತಪ್ಪುತ್ತದೆ. ಮೊದಲನೆಯದು ಒಗ್ಗರಣೆ. ಸೌತೆಕಾಯಿ ಮೊಸರು ಪಚಡಿಯಲ್ಲಿ ಬೇಳೆ ಇಲ್ಲ ಎಂದು ನಂಬಿರುತ್ತೇವೆ, ಆದರೆ ಒಗ್ಗರಣೆಗೆ ಹಾಕಿದ ಉದ್ದಿನಬೇಳೆ, ಕಡಲೆಬೇಳೆಯೂ ದ್ವಿದಳವೇ. ಪಚಡಿಗೆ ಜೀರಿಗೆ, ಸಾಸಿವೆ, ಕರಿಬೇವು ಸಾಕು. ಎರಡನೆಯದು ಬಾಳೆದಿಂಡು. ಹೆಚ್ಚಿದ ದಿಂಡು ಕಪ್ಪಾಗದಿರಲೆಂದು ಮಜ್ಜಿಗೆಯಲ್ಲಿ ಹಾಕಿಡುವುದು ಎಲ್ಲ ಕಡೆ ರೂಢಿ. ಆಮೇಲೆ ಅದಕ್ಕೆ ಹೆಸರುಬೇಳೆ ಸೇರಿಸಿದರೆ ದ್ವಿದಳವಾಯಿತು. ಮಜ್ಜಿಗೆಯ ಬದಲು ನಿಂಬೆರಸ ಹಿಂಡಿದ ನೀರಿನಲ್ಲಿ ಹಾಕಿದರೂ ದಿಂಡು ಬೆಳ್ಳಗೇ ಇರುತ್ತದೆ.

ಮೂರನೆಯದು ಪಾನಕ, ಮಜ್ಜಿಗೆ, ಕೋಸಂಬರಿಯ ಜೋಡಿ. ಬೇಸಿಗೆಯ ಹಬ್ಬಗಳಲ್ಲಿ ಕರ್ನಾಟಕದ ಊರೂರಲ್ಲೂ ಈ ಮೂರನ್ನೂ ಒಟ್ಟಿಗೆ ಹಂಚುತ್ತಾರೆ. ದ್ವಿದಳ ಪಾಲಿಸುವವರು ಕೋಸಂಬರಿ ತಿಂದ ಬಾಯಿಗೆ ಮಜ್ಜಿಗೆ ಕುಡಿಯುವಂತಿಲ್ಲ. ಆದ್ದರಿಂದ ಮಹಾವೀರ ಜಯಂತಿಯ ಮೆರವಣಿಗೆಯಲ್ಲಿ ಹಂಚುವಾಗ ಕೋಸಂಬರಿಯ ಜೊತೆ ಬೆಲ್ಲದ ಪಾನಕ ಇಡಬೇಕು. ಅದಕ್ಕೆ ಒಣಶುಂಠಿ, ಏಲಕ್ಕಿ, ಮೆಣಸಿನ ಪುಡಿ ಹಾಕಿದರೆ ಸಾಕು. ಮಜ್ಜಿಗೆ ಬೇಕೇ ಬೇಕೆಂದರೆ ಬೇರೆ ಕಡೆ ಬೇರೆ ಹೊತ್ತಿಗೆ ಇಡಬಹುದು, ಅಥವಾ ಆ ದಿನ ಬೇಳೆಯ ಬದಲು ಹಣ್ಣಿನ ಸಲಾಡ್ ಹಂಚಬಹುದು.

ಅಂಗಡಿಯಿಂದ ತರುವ ಸಲಾಡ್ ಸಾಸುಗಳ ವಿಷಯದಲ್ಲಿ ಹಸಿರು ಚುಕ್ಕೆಯನ್ನು ಮಾತ್ರ ನಂಬುವಂತಿಲ್ಲ. ಹಸಿರು ಚುಕ್ಕೆ ಹೇಳುವುದು ಸಸ್ಯಾಹಾರ ಎಂದಷ್ಟೇ. ಬೆಳ್ಳುಳ್ಳಿ, ಈರುಳ್ಳಿ ಪುಡಿ, ಜೇನುತುಪ್ಪ, ವಿನೆಗರ್ ಎಲ್ಲವೂ ಆ ಚುಕ್ಕೆಯ ಅಡಿಯಲ್ಲೇ ಬರುತ್ತವೆ. ವಿನೆಗರಿನಲ್ಲಿ ನೆನೆಸಿದ ಡಬ್ಬಿಯ ಆಲಿವ್, ಮೆಣಸಿನಕಾಯಿಗಳೂ ಹಾಗೆಯೇ. ಹಿಂದಿರುವ ಸಣ್ಣ ಅಕ್ಷರಗಳನ್ನು ಓದಬೇಕು. ಅದಕ್ಕಿಂತ ನಿಂಬೆರಸ, ಕುಟ್ಟಿದ ಮೆಣಸು, ಹುರಿದ ಜೀರಿಗೆ ಪುಡಿ, ಚಿಟಿಕೆ ಒಣಶುಂಠಿ, ಸ್ವಲ್ಪ ಬೆಲ್ಲ ಕಲಸಿಟ್ಟುಕೊಂಡರೆ ಯಾವ ಸಾಸೂ ಬೇಕಾಗುವುದಿಲ್ಲ.

ಮನೆಯಲ್ಲಿ ಮಾಡುವ ಐದು ಬಗೆ

*ಹೆಸರುಬೇಳೆ ಕೋಸಂಬರಿ.* ನಾಲ್ಕು ಜನರಿಗೆ ಅರ್ಧ ಬಟ್ಟಲು ಹೆಸರುಬೇಳೆ, ಎರಡು ಎಳೆ ಸೌತೆಕಾಯಿ, ಅರ್ಧ ಬಟ್ಟಲು ತೆಂಗಿನ ತುರಿ, ಎರಡು ಚಮಚ ಮಾವಿನಕಾಯಿ ತುರಿ, ಒಂದು ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು. ಬೇಳೆಯನ್ನು ಅರ್ಧ ಗಂಟೆ ನೆನೆಸಿ ನೀರು ಪೂರ್ತಿ ಬಸಿಯಬೇಕು. ಉಪ್ಪು, ನಿಂಬೆರಸ ಬಿಟ್ಟು ಉಳಿದದ್ದನ್ನು ಬೆರೆಸಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು, ಎಲೆ ಹಾಕಿದ ಮೇಲೆ ಉಪ್ಪು, ನಿಂಬೆರಸ ಸೇರಿಸಬೇಕು. ಉಪ್ಪು ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ಸಾರಾಗುತ್ತದೆ. ಬೇಳೆಯ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೆ ನಿಂಬೆಯ ಸಿ ಜೀವಸತ್ವ ಸಹಾಯ ಮಾಡುತ್ತದೆ, ಆದ್ದರಿಂದ ನಿಂಬೆ ರುಚಿಗೆ ಮಾತ್ರವಲ್ಲ.

*ಬಾಳೆದಿಂಡಿನ ಕೋಸಂಬರಿ.* ಗೊನೆ ಕಡಿದ ಬಾಳೆಯ ದಿಂಡು ನೆಲದ ಮೇಲಿನ ಕಾಂಡದೊಳಗಿನದು, ಗೆಡ್ಡೆಯಲ್ಲ. ಬಳಸುವ ಮನೆಗಳಲ್ಲಿ ಬಿಳಿಯ ಒಳಭಾಗವನ್ನು ಬಿಲ್ಲೆ ಹೆಚ್ಚಿ, ಬರುವ ನಾರನ್ನು ಬೆರಳಿಗೆ ಸುತ್ತಿ ತೆಗೆದು, ನಿಂಬೆ ನೀರಿನಲ್ಲಿ ಹಾಕಬೇಕು. ಐದು ನಿಮಿಷದ ನಂತರ ಹಿಂಡಿ ತೆಗೆದು, ನೆನೆದ ಹೆಸರುಬೇಳೆ, ತೆಂಗಿನ ತುರಿ, ಹಸಿಮೆಣಸಿನಕಾಯಿ ಸೇರಿಸಬೇಕು. ನಾರಿನಂಶ ಹೆಚ್ಚಿರುವುದರಿಂದ ಮಲಬದ್ಧತೆ ಇರುವವರಿಗೆ ಒಳ್ಳೆಯದು.

*ಸೌತೆಕಾಯಿ ಪಚಡಿ.* ಅಂದಿನ ತಾಜಾ ಮೊಸರಿಗೆ ಹೆಚ್ಚಿದ ಸೌತೆಕಾಯಿ, ಟೊಮೆಟೊ, ದಾಳಿಂಬೆ ಕಾಳು, ಹುರಿದ ಜೀರಿಗೆ ಪುಡಿ. ಬೇಳೆ ಇಲ್ಲ, ಕಡಲೆಹಿಟ್ಟಿನ ಬೂಂದಿಯೂ ಇಲ್ಲ. ಇದನ್ನು ಮಾಡಿದ ಊಟದಲ್ಲಿ ಬೇಳೆಸಾರಿನ ಬದಲು ಟೊಮೆಟೊ ಅಥವಾ ಮೆಣಸಿನ ಸಾರು, ಅದೂ ಬೇಳೆ ಹಾಕದ್ದು.

*ಹಣ್ಣಿನ ರಸಾಯನ.* ಬಾಳೆಹಣ್ಣು ಅಥವಾ ಮಾವಿನಹಣ್ಣನ್ನು ಹೆಚ್ಚಿ, ಪುಡಿ ಮಾಡಿದ ಬೆಲ್ಲ, ತೆಂಗಿನ ಹಾಲು, ಏಲಕ್ಕಿ ಸೇರಿಸಿದರೆ ರಸಾಯನ. ತೆಂಗಿನ ಹಾಲು ಹಸುವಿನ ಹಾಲಲ್ಲವಾದ್ದರಿಂದ ಕೋಸಂಬರಿಯ ಪಕ್ಕದಲ್ಲೇ ಬಡಿಸಬಹುದು. ಮಾವಿನಹಣ್ಣನ್ನು ಮಾತ್ರ ಹೋಳು ಮಾಡಿ ಒಳಗೆ ಹುಳುವಿಲ್ಲವೆಂದು ನೋಡಬೇಕು, ಹೂಮಳೆಯ ನಂತರದ ಹಣ್ಣಿನಲ್ಲಿ ಹೆಚ್ಚು ಎಚ್ಚರ ಬೇಕು.

*ತಿಥಿಯ ದಿನದ ಒಣ ಸಲಾಡ್.* ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರು ತರಕಾರಿ ಬಿಡುವ ಮನೆಗಳು ಅನೇಕ. ಆ ದಿನ ಮಂಡಕ್ಕಿ, ಹುರಿಗಡಲೆ, ಹುರಿದ ಕಡಲೆಕಾಯಿ ಬೀಜ, ಸಣ್ಣಗೆ ತುರಿದ ಕೊಬ್ಬರಿ, ಒಣದ್ರಾಕ್ಷಿ, ಮೆಣಸಿನ ಪುಡಿ ಸೇರಿಸಿ ಹುಳಿಗೆ ಆಮ್‌ಚೂರ್ ಪುಡಿ ಹಾಕಬಹುದು. ಅರಸೀಕೆರೆಯ ಕೊಬ್ಬರಿ ಇದ್ದರೆ ಬೇರೆ ಎಣ್ಣೆಯೇ ಬೇಡ.

ಎಷ್ಟು ಹೊತ್ತು

ಒಣಗಿಸಿದ, ಬೇಯಿಸಿದ, ಉಪ್ಪು ಹುಳಿ ಬೆರೆಸಿದ, ಯಂತ್ರದಿಂದ ಅರೆದ ಅಥವಾ ಸಣ್ಣಗೆ ಹೆಚ್ಚಿದ ಪದಾರ್ಥ ಪ್ರಾಸುಕ ಎಂದು ಹಳೆಯ ಆಚಾರ ಗ್ರಂಥಗಳ ಅಭಿಪ್ರಾಯ. ಉಪ್ಪು, ನಿಂಬೆ ಬೆರೆಸಿದ ಕೋಸಂಬರಿ ಸಚಿತ್ತ ತ್ಯಾಗ ಮಾಡಿದವರಿಗೂ ಸಲ್ಲುತ್ತದೆಯೇ ಎಂಬುದನ್ನು ಅವರವರು ತಮ್ಮ ಗುರುಗಳನ್ನು ಕೇಳಿ ನಡೆದುಕೊಳ್ಳುತ್ತಾರೆ. ಬಡಿಸುವವರು ಒತ್ತಾಯ ಮಾಡಬಾರದು.

ಆದರೆ ಪ್ರಾಸುಕವಾದ ಮಾತ್ರಕ್ಕೆ ಗಂಟೆಗಟ್ಟಲೆ ಇಡಬಹುದೆಂದಲ್ಲ. ಹೆಚ್ಚಿ ಬೆರೆಸಿದ ಹಸಿ ಪದಾರ್ಥ ಬೇಸಿಗೆಯಲ್ಲಿ ಬಹಳ ಬೇಗ ಕೆಡುತ್ತದೆ. ಇಂದಿನ ಆಹಾರ ಸುರಕ್ಷತೆಯ ನಿಯಮದ ಪ್ರಕಾರ ಬೇಗ ಕೆಡುವ ಪದಾರ್ಥವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ಬಿಸಿಲು 32 ಡಿಗ್ರಿ ಮೀರಿದ್ದರೆ ಒಂದು ಗಂಟೆ ಮಾತ್ರ. ಏಪ್ರಿಲ್ ಮಧ್ಯಾಹ್ನ ಅರಸೀಕೆರೆಯಲ್ಲಿ 32 ಡಿಗ್ರಿ ಮೀರುವುದು ಮಾಮೂಲು. ಒಂದು ಮುಹೂರ್ತದ ಲೆಕ್ಕ ಹಿಡಿದು ಬೆರೆಸಿ 48 ನಿಮಿಷದೊಳಗೆ ಬಡಿಸಿ ಮುಗಿಸಿದರೆ ಧರ್ಮದ ಲೆಕ್ಕಕ್ಕೂ ಸರಿ, ಆರೋಗ್ಯದ ಲೆಕ್ಕಕ್ಕೂ ಸರಿ.

ರಾತ್ರಿ ಹಗುರವಾಗಿರಲಿ ಎಂದು ಸಲಾಡ್ ತಿನ್ನುವ ಪದ್ಧತಿ ಹೊರಗೆ ಬಹಳ ಇದೆ. ಜೈನ ಮನೆಯಲ್ಲಿ ಹಗುರದ ಊಟವೂ ಹಗಲಿನಲ್ಲೇ ಆಗಬೇಕು. ಏಪ್ರಿಲ್‌ನಲ್ಲಿ ಹಾಸನದ ಕಡೆ ಸೂರ್ಯ ಮುಳುಗುವುದು ಸಂಜೆ ಸುಮಾರು 6.35ಕ್ಕೆ. ಅದಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವವರು 5.45ರೊಳಗೆ ಎದ್ದಿರಬೇಕು. ರಜೆಯಲ್ಲಿ ಮನೆಯಲ್ಲಿರುವ ಮಕ್ಕಳಿಗೆ ಐದು ಗಂಟೆಗೆ ಹಣ್ಣಿನ ಬಟ್ಟಲು ಕೊಟ್ಟರೆ ಅವರು ರಾತ್ರಿ ಬೀದಿಯ ಚಾಟ್ ಕೇಳುವುದು ಕಡಿಮೆಯಾಗುತ್ತದೆ.

ನೂರು ಜನರಿಗೆ ಲೆಕ್ಕ

ಊಟದ ಜೊತೆಗೆ ಒಬ್ಬರಿಗೆ ಸುಮಾರು 70 ಗ್ರಾಂ ಹಿಡಿದರೆ ನೂರು ಜನರಿಗೆ ಏಳು ಕಿಲೋ ಕೋಸಂಬರಿ ಸಾಕು. ಅದಕ್ಕೆ ಬೇಕಾಗುವುದು: ಹೆಸರುಬೇಳೆ 2 ಕಿಲೋ (ನೆನೆದ ಮೇಲೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ), ಸೌತೆಕಾಯಿ 2.5 ಕಿಲೋ, ತೆಂಗಿನಕಾಯಿ 3, ಮಾವಿನಕಾಯಿ 3, ನಿಂಬೆಹಣ್ಣು 10, ಹಸಿಮೆಣಸಿನಕಾಯಿ 100 ಗ್ರಾಂ, ಕೊತ್ತಂಬರಿ ಸೊಪ್ಪು 4 ಕಟ್ಟು, ಒಗ್ಗರಣೆಗೆ ಎಣ್ಣೆ 150 ಮಿಲಿ, ಉಪ್ಪು 70 ಗ್ರಾಂ. ಕಹಿ ಬಂದರೆ ಬಿಡುವುದಕ್ಕೆ ಅರ್ಧ ಕಿಲೋ ಸೌತೆಕಾಯಿ ಹೆಚ್ಚಿಗೆ ತರಬೇಕು.

ಊಟ 12.30ಕ್ಕೆ ಎಂದಾದರೆ ಕೆಲಸ ಹೀಗೆ ಹಂಚಿಕೊಳ್ಳಬಹುದು. 10.30ಕ್ಕೆ ತರಕಾರಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿಡುವುದು, ಸೊಪ್ಪು ಬಿಡಿಸುವುದು. 11.30ಕ್ಕೆ ಬೇಳೆ ನೆನೆಸುವುದು. 12ಕ್ಕೆ ಬೇಳೆ ಬಸಿದು, ಆರೇಳು ಜನ ಕೂತು ಸೌತೆಕಾಯಿ ಹೆಚ್ಚುವುದು, ಕಾಯಿ ಒಡೆದು ತುರಿಯುವುದು. 12.20ಕ್ಕೆ ಒಗ್ಗರಣೆ. ಎಲ್ಲವನ್ನೂ ಒಟ್ಟಿಗೆ ಬೆರೆಸದೆ ಎರಡು ಪಾತ್ರೆ ಮಾಡಬೇಕು. ಮೊದಲ ಪಂಕ್ತಿಗೆ ಒಂದು, ಎರಡನೆಯ ಪಂಕ್ತಿ ಕೂತ ಮೇಲೆ ಇನ್ನೊಂದು. ಎರಡನೆಯ ಪಾತ್ರೆಯ ಬೇಳೆ, ಸೌತೆಕಾಯಿಗಳನ್ನು ಅರ್ಧ ಗಂಟೆ ತಡವಾಗಿ ಶುರು ಮಾಡಿದರೆ ಅದೂ ತಾಜಾ.

ಉಪ್ಪು ಹಾಕುವ ಮೊದಲು ಒಂದು ಸಣ್ಣ ಪಾತ್ರೆಯಷ್ಟನ್ನು ಪಕ್ಕಕ್ಕೆ ತೆಗೆದಿಡಬೇಕು. ರಸಪರಿತ್ಯಾಗ ಮಾಡಿದವರು ಹಾಲು, ಮೊಸರು, ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಈ ಆರರಲ್ಲಿ ಯಾವುದನ್ನಾದರೂ ಬಿಟ್ಟಿರಬಹುದು. ಉಪ್ಪಿಲ್ಲದ, ಒಗ್ಗರಣೆಯಿಲ್ಲದ ಒಂದು ಪಾಲು ಇದ್ದರೆ ಅವರು ಖಾಲಿ ಎಲೆಯ ಮುಂದೆ ಕೂರಬೇಕಾಗುವುದಿಲ್ಲ. ರಕ್ತದೊತ್ತಡ ಇರುವವರಿಗೂ ಅದೇ ಪಾಲು ಒದಗುತ್ತದೆ. ಬಡಿಸುವಾಗ ಮೊದಲು ಸ್ವಲ್ಪವೇ ಬಡಿಸಿ, ಕೇಳಿದವರಿಗೆ ಮತ್ತೆ ಬಡಿಸಬೇಕು. ಎಲೆಯಲ್ಲಿ ಬಿಟ್ಟ ಹಸಿ ಪದಾರ್ಥದಲ್ಲಿ ಜೀವೋತ್ಪತ್ತಿ ಬೇಗ. ಪಾತ್ರೆಯಲ್ಲಿ ಉಳಿದದ್ದನ್ನು ಸಂಜೆಗೆ ಇಡದೆ ಆಗಲೇ ಅಕ್ಕಪಕ್ಕದವರಿಗೆ, ಕೆಲಸದವರಿಗೆ ಹಂಚಿ ಮುಗಿಸಬೇಕು.

ಯಾತ್ರೆಗೆ ಹೋಗುವಾಗ

ಬೇಸಿಗೆ ರಜೆ ಯಾತ್ರೆಯ ಕಾಲ. ಅರಸೀಕೆರೆಯ ಸಹಸ್ರಕೂಟ ಜಿನಾಲಯ, ಹಳೇಬೀಡಿನ ಬಸ್ತಿಹಳ್ಳಿಯಲ್ಲಿರುವ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ಬಸದಿಗಳ ದರ್ಶನಕ್ಕೆ ಕುಟುಂಬಗಳು ಬರುತ್ತವೆ. ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ನುಣುಪು ಕಂಬಗಳ ನಡುವೆ ಬಿಸಿಲಲ್ಲೂ ತಂಪಿರುತ್ತದೆ, ಆದರೆ ಅಲ್ಲಿ ಕೂತು ಊಟದ ಡಬ್ಬಿ ಬಿಚ್ಚಬಾರದು. ಊಟ ಆವರಣದ ಹೊರಗೆ ಮರದ ನೆರಳಿನಲ್ಲಿ ಆಗಬೇಕು.

ಬೆಳಿಗ್ಗೆ ಮನೆಯಲ್ಲೇ ಬೆರೆಸಿದ ಕೋಸಂಬರಿ ಕಾರಿನ ಬಿಸಿಯಲ್ಲಿ ಮಧ್ಯಾಹ್ನದವರೆಗೆ ಉಳಿಯುವುದಿಲ್ಲ. ಪ್ರಯಾಣಕ್ಕೆ ಇಡೀ ಸೌತೆಕಾಯಿ, ಇಡೀ ಹಣ್ಣು, ನಿಂಬೆ, ಒಂದು ಚಾಕು, ಉಪ್ಪು ಮೆಣಸಿನ ಪುಡಿ ಬೆರೆಸಿದ ಸಣ್ಣ ಡಬ್ಬಿ, ಕುದಿಸಿ ಆರಿಸಿದ ನೀರು ತೆಗೆದುಕೊಂಡು ಹೋಗಬೇಕು. ಬೇಳೆ ಬೇಕಾದರೆ ಒಣಗಿದ್ದನ್ನೇ ಒಯ್ದು, ದರ್ಶನಕ್ಕೆ ಹೋಗುವ ಮುನ್ನ ಆ ನೀರಿನಲ್ಲಿ ನೆನೆಹಾಕಿದರೆ ಬರುವಷ್ಟರಲ್ಲಿ ಸಿದ್ಧ. ಸಿಪ್ಪೆ, ಎಲೆ, ಚೀಲಗಳನ್ನು ಅಲ್ಲಿ ಎಸೆಯದೆ ವಾಪಸು ತರಬೇಕು.

ಹಂಚುವ ಹಬ್ಬಗಳು

ಬೇಸಿಗೆಯಲ್ಲಿ ಹಂಚಿ ತಿನ್ನುವುದಕ್ಕೆ ಜೈನರಿಗೆ ಎರಡು ದೊಡ್ಡ ದಿನಗಳಿವೆ. ಚೈತ್ರ ಶುಕ್ಲ ತ್ರಯೋದಶಿಯ ಮಹಾವೀರ ಜಯಂತಿ ಒಂದು, ವೈಶಾಖ ಶುಕ್ಲ ತದಿಗೆಯ ಅಕ್ಷಯ ತೃತೀಯ ಇನ್ನೊಂದು. ದೀರ್ಘಕಾಲ ನಿರಾಹಾರರಾಗಿದ್ದ ಆದಿನಾಥ ತೀರ್ಥಂಕರರಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನು ಕಬ್ಬಿನ ರಸದ ಆಹಾರದಾನ ಕೊಟ್ಟ ದಿನ ಅಕ್ಷಯ ತೃತೀಯ. ಅದಕ್ಕೂ ಮೊದಲು ಜನರು ಆನೆ, ಕುದುರೆ, ರತ್ನಗಳನ್ನು ತಂದೊಪ್ಪಿಸಿದರು, ಆದರೆ ಮುನಿಗಳಿಗೆ ಯೋಗ್ಯವಾದ ಆಹಾರ ಯಾವುದು, ಅದನ್ನು ಕೊಡುವ ಕ್ರಮ ಯಾವುದು ಎಂಬುದು ಯಾರಿಗೂ ತಿಳಿದಿರಲಿಲ್ಲ. ತಿಳಿದು ಕೊಟ್ಟವನು ಶ್ರೇಯಾಂಸ, ಆದ್ದರಿಂದಲೇ ಅವನ ದಾನ ಮೊದಲನೆಯದೆಂದು ನೆನೆಯುತ್ತಾರೆ.

ಬಸದಿಯ ಅಡುಗೆಮನೆಗೂ ಇದೇ ಪಾಠ. ಪಡೆಯುವವರಿಗೆ ಯಾವುದು ಸಲ್ಲುತ್ತದೆ ಎಂದು ತಿಳಿದು ಕೊಟ್ಟರೆ ಮಾತ್ರ ಅದು ದಾನ. ಈ ಬೇಸಿಗೆಯಲ್ಲಿ ಯಾವುದಾದರೂ ಬಸದಿಯಲ್ಲಿ ಕೋಸಂಬರಿ ಮಾಡಲು ಹೊರಟವರು ಅಡುಗೆಯವರಿಗೆ ಮೊದಲೇ ಈ ಆರು ಮಾತು ಬರೆದುಕೊಡಲಿ: ಕ್ಯಾರೆಟ್ ಬೇಡ, ಇಡೀ ಕಾಳು ಬೇಡ, ಬೇಳೆ ಸಾಕು, ಸೋಸಿದ ನೀರು, ಮಜ್ಜಿಗೆ ಬೇರೆ, ಉಪ್ಪು ಕೊನೆಗೆ.

ಜೈ ಜಿನೇಂದ್ರ.